ಜಾಮೀನು ಸಿಕ್ಕ ಸಂಜೆ ಮಾತ್ರೆ ಎಲ್ಲಿದೆ?

ಇವತ್ತು ಎದುರಿಗೆ ಕುಳಿತು ಕೇಳಿಸಿಕೊಂಡವಳು ಮುಂದಿನ ವಾರವೂ ಅಲ್ಲೇ ಇರುತ್ತಾಳೆ ಎನ್ನುವಂತಿಲ್ಲ. ಜೈಲಿನ ಹೆಣ್ಣುಮಕ್ಕಳಿಗೆ ಆರೋಗ್ಯದ ವಿಷಯ ಹೇಳಲು ಹೋಗುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಇದನ್ನೇ. ನಮ್ಮ ದೇಶದ ಕೈದಿಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ವಾಯಿದೆಯಿಂದ ವಾಯಿದೆಗೆ ಓಡಾಡುತ್ತ ಜಾಮೀನಿಗೆ ಕಾಯುತ್ತಿರುವವರು. ಒಬ್ಬಾಕೆ ಹದಿನೈದು ದಿನಕ್ಕೆ ಹೊರಟುಬಿಡುತ್ತಾಳೆ, ಇನ್ನೊಬ್ಬಾಕೆ ವರ್ಷಗಟ್ಟಲೆ ಉಳಿಯುತ್ತಾಳೆ. ಒಟ್ಟು ಕೈದಿಗಳಲ್ಲಿ ಮಹಿಳೆಯರು ಶೇ 4ರ ಆಸುಪಾಸು. ಇಷ್ಟು ಕಡಿಮೆ ಜನರೆಂಬ ಕಾರಣಕ್ಕೇ ಅವರಿಗೆಂದು ಬೇರೆಯಾಗಿ ಯೋಚಿಸುವವರು ಕಡಿಮೆ. ಗಂಡಸರಿಗೆಂದು ಬರೆದ ಕರಪತ್ರವನ್ನೇ ಹೆಂಗಸರ ಕೈಗೂ ಕೊಟ್ಟು ಮುಗಿಸುವ ಕಾರ್ಯಕ್ರಮಗಳನ್ನು ನಾನು ಕಂಡಿದ್ದೇನೆ.

ಬಹಳ ವರ್ಷ ಸರ್ಕಾರಿ ಆಸ್ಪತ್ರೆಯೊಂದರ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆಯುವ ಮುಂಚೆ ಒಮ್ಮೆ, ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ, ಬಾಗಿಲು ಹಾಕಿಕೊಂಡು ಮಾತನಾಡುವ ಕೆಲಸ. ಆ ಕೆಲಸ ಬಿಟ್ಟ ಮೇಲೆ ಸಣ್ಣದೊಂದು ಗುಂಪಿನ ಜೊತೆ ಪರಪ್ಪನ ಅಗ್ರಹಾರದ ಜೈಲಿಗೆ, ಮಹಿಳೆಯರಿರುವ ಕಡೆಗೆ, ಹೋಗಿಬರುತ್ತಿದ್ದೇನೆ. ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಹೊಸ ರೋಡ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯುತ್ತೇನೆ. ಅದಕ್ಕೆ ಮುಂಚೆ ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲೇ ಅರ್ಧ ಬೆಳಗು ಕಳೆದುಹೋಗುತ್ತಿತ್ತು. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಕೈಯಲ್ಲಿರುವುದು ಬಟ್ಟೆಯ ಮೇಲೆ ಬಿಡಿಸಿದ ಗರ್ಭಕೋಶದ ಚಿತ್ರ ಮತ್ತು ಒಂದು ನೋಟ್ ಪುಸ್ತಕ. ಮಾತು ಕನ್ನಡದಲ್ಲಿ ಶುರುವಾಗಿ ತಮಿಳು, ತೆಲುಗು, ಉರ್ದು, ಹಿಂದಿಗೆ ಹೊರಳುತ್ತದೆ. ಕುಳಿತವರಲ್ಲೇ ಯಾರಾದರೂ ಪಕ್ಕದವರಿಗೆ ಬಿಡಿಸಿ ಹೇಳುತ್ತಾರೆ.

ತರಗತಿಗೆ ಎಚ್‌ಐವಿ ಎಂಬ ಹೆಸರನ್ನು ನಾವು ಇಡುವುದಿಲ್ಲ. ಇಟ್ಟರೆ, ಮುಂದಿನ ಸಾಲಿನಲ್ಲಿ ಕುಳಿತವಳಿಗೆ ‘ಅದು ಇದೆಯಂತೆ’ ಎಂಬ ಮಾತು ಸಂಜೆಯೊಳಗೆ ಬ್ಯಾರಕ್ ತುಂಬ ಹರಡುತ್ತದೆ. ಹೊರಗಾದರೆ ಅವಳು ಮನೆ ಬದಲಿಸಬಹುದು, ಬೀದಿ ಬದಲಿಸಬಹುದು. ಒಳಗೆ ಪಕ್ಕದಲ್ಲಿ ಮಲಗುವವಳನ್ನು ಬದಲಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಬಿಳಿಸೆರಗಿನಿಂದ ಶುರು ಮಾಡುತ್ತೇವೆ. ಆ ವಿಷಯದಲ್ಲಿ ಎಲ್ಲರಿಗೂ ಹೇಳುವುದಕ್ಕೆ ಏನಾದರೂ ಇರುತ್ತದೆ. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎನ್ನುತ್ತಾರೆ ಕೆಲವರು, ಮೂಳೆ ಕರಗಿ ಹೋಗುತ್ತಿದೆ ಎನ್ನುತ್ತಾರೆ ಇನ್ನು ಕೆಲವರು. ಯಾರ ಮಾತನ್ನೂ ಅಲ್ಲಗಳೆಯಲು ಅವಸರಪಡುವುದಿಲ್ಲ. ತೆಳುವಾಗಿ, ವಾಸನೆಯಿಲ್ಲದೆ ಬರುವುದು ದೇಹದ ಸಹಜ ಕೆಲಸ, ಎರಡು ಮುಟ್ಟಿನ ನಡುವೆ ಅದು ಹೆಚ್ಚಾಗುತ್ತದೆ, ಅದರಿಂದ ಯಾವ ಮೂಳೆಯೂ ಕರಗುವುದಿಲ್ಲ ಎಂದು ಚಿತ್ರ ತೋರಿಸಿ ಹೇಳುತ್ತೇನೆ. ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ, ಕೆಟ್ಟ ವಾಸನೆ ಬಂದರೆ, ಮೊಸರಿನಂತೆ ಗಟ್ಟಿಯಾಗಿ ತುರಿಕೆ ತಂದರೆ, ಕೆಳಹೊಟ್ಟೆ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅಲ್ಲಿಂದ ಹುಣ್ಣಿನ ವಿಷಯಕ್ಕೆ ಬರುತ್ತೇವೆ. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದೇ ಇಲ್ಲ. ತಾನಾಗಿ ಮಾಯುತ್ತದೆ, ಕಾಯಿಲೆ ಮಾತ್ರ ಒಳಗೇ ಉಳಿಯುತ್ತದೆ. ಪೆನಿಸಿಲಿನ್ ಚುಚ್ಚುಮದ್ದಿನಿಂದ ಅದು ಗುಣವಾಗುತ್ತದೆ. ಇಂಥ ಹುಣ್ಣು ಇದ್ದಲ್ಲಿ ಎಚ್‌ಐವಿ ಸುಲಭವಾಗಿ ಒಳಹೊಗುತ್ತದೆ ಎಂಬ ವಾಕ್ಯಕ್ಕೆ ಬರುವ ಹೊತ್ತಿಗೆ ಯಾರೂ ತಲೆ ತಗ್ಗಿಸಿ ಕುಳಿತಿರುವುದಿಲ್ಲ. ಅಷ್ಟರಲ್ಲಿ ಅವರು ತಮ್ಮ ಮೈಯ ವಿಷಯ ಕೇಳುತ್ತಿರುತ್ತಾರೆ.

ಒಂದೇ ಒಂದು ಸಲ ಸಿಗುವವಳಿಗೆ ಏನು ಹೇಳಿ ಕಳುಹಿಸಬೇಕು? ನಮ್ಮ ಗುಂಪಿನಲ್ಲಿ ಇದು ಮುಗಿಯದ ಚರ್ಚೆ. ಹರಡುವ ದಾರಿಗಳು ಇರುವುದೇ ನಾಲ್ಕು: ಕಾಂಡೋಮ್ ಇಲ್ಲದ ಸಂಭೋಗ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ತಾಯಿಯಿಂದ ಮಗುವಿಗೆ. ಇದನ್ನು ಹೇಳಲು ಹೆಚ್ಚು ಹೊತ್ತು ಬೇಡ. ಯಾವುದರಿಂದ ಹರಡುವುದಿಲ್ಲ ಎಂಬುದಕ್ಕೆ ನಾನು ಅದರ ಎರಡರಷ್ಟು ಸಮಯ ಕೊಡುತ್ತೇನೆ. ತಟ್ಟೆ, ಬಕೆಟ್, ಶೌಚಾಲಯ, ಸೊಳ್ಳೆ, ಪಕ್ಕಪಕ್ಕದ ಚಾಪೆ, ಇವು ಯಾವುದರಿಂದಲೂ ಬರುವುದಿಲ್ಲ. ಕಾಯಿಲೆ ಇದೆಯೆಂಬ ಗುಮಾನಿಯ ಮೇಲೆ ಒಬ್ಬಳ ತಟ್ಟೆಯನ್ನು ದೂರ ಸರಿಸಿದರೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಅದೇ ಜನರ ನಡುವೆ ಇರಬೇಕಾದ ಅವಳು ಮಾತ್ರೆಯನ್ನೂ ಮುಚ್ಚಿಡುತ್ತಾಳೆ, ಆಮೇಲೆ ನುಂಗುವುದನ್ನೇ ನಿಲ್ಲಿಸುತ್ತಾಳೆ. ಬ್ಲೇಡು, ಹಚ್ಚೆಯ ಸೂಜಿ, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬೇಡಿ ಎನ್ನುವಾಗ ಹೆಪಟೈಟಿಸ್ ಬಿ ಮತ್ತು ಸಿ ಹೆಸರನ್ನೂ ಸೇರಿಸುತ್ತೇನೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಅದು ಕಾಣಿಸದಿರಬಹುದು, ಆದ್ದರಿಂದ ಅನುಮಾನವಿದ್ದರೆ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ ಎನ್ನುತ್ತೇನೆ. ಬಲಾತ್ಕಾರಕ್ಕೆ ಒಳಗಾದವರು 72 ಗಂಟೆಯೊಳಗೆ ಆಸ್ಪತ್ರೆ ತಲುಪಿದರೆ ಎಚ್‌ಐವಿ ತಡೆಯುವ 28 ದಿನಗಳ ಔಷಧಿ ಸಿಗುತ್ತದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಈ ಮಾತನ್ನು ಹೇಳದೆ ಒಂದು ತರಗತಿಯನ್ನೂ ಮುಗಿಸುವುದಿಲ್ಲ.

ಇನ್ನು ಔಷಧಿ. ಎಚ್‌ಐವಿ ಎಂದರೆ ಸಾವು ಎಂದೇ ಅವರಲ್ಲಿ ಅನೇಕರು ನಂಬಿದ್ದಾರೆ. ಅದು ಅವರ ತಪ್ಪಲ್ಲ; ಒಂದು ಕಾಲದಲ್ಲಿ ತಲೆಬುರುಡೆ ಬರೆದು ಹೆದರಿಸಿದವರು ನಾವೇ, ಆರೋಗ್ಯದ ಕೆಲಸದವರು. ಈಗ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಸೇರಿದ ಒಂದೇ ಮಾತ್ರೆ ಇದೆ. ಎಚ್‌ಐವಿಗೆ ಔಷಧಿ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. 2017ರಿಂದ, ಸೋಂಕು ಖಚಿತವಾದ ಎಲ್ಲರಿಗೂ, ರೋಗದ ವಿರುದ್ಧ ಹೋರಾಡುವ ಸಿಡಿ4 ರಕ್ತಕಣಗಳ ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಶುರು ಮಾಡುವುದು ನಮ್ಮ ದೇಶದ ನೀತಿ. ದಿನವೂ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ, ಅದು ಹಾಗೆಯೇ ಉಳಿದರೆ ಸಂಭೋಗದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಈ ವಾಕ್ಯವನ್ನು ಎರಡನೆಯ ಸಲ ಹೇಳಿಸದೆ ಬಿಡುವ ತರಗತಿಯೇ ಇಲ್ಲ. ಯಾರು ಕೇಳಿದರು, ಏಕೆ ಕೇಳಿದರು ಎಂದು ನಾನು ತಿರುಗಿ ನೋಡುವುದಿಲ್ಲ.

ಪರೀಕ್ಷೆಯ ವಿಷಯದಲ್ಲಿ ನನಗೆ ಒಂದು ಹಟ ಇದೆ: ಕೇಳದೆ ಯಾರ ರಕ್ತವನ್ನೂ ತೆಗೆಯಬಾರದು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ಕಿರಿಯ ವೈದ್ಯೆ ರಕ್ತದ ಮಾದರಿ ಸಂಗ್ರಹಿಸಿದರು, ಪರೀಕ್ಷೆ ವೆಲ್ಲೂರಿನಲ್ಲಿ ನಡೆಯಿತು. ಆ ರಕ್ತ ಲೈಂಗಿಕ ಕಾರ್ಯಕರ್ತೆಯರದು, ಬಂಧನದ ಗೃಹದಲ್ಲಿ ಇರಿಸಿದ್ದವರದು. ಏನನ್ನು ಪರೀಕ್ಷಿಸುತ್ತಿದ್ದೇವೆ ಎಂದು ಅವರಿಗೆ ಹೇಳಿರಲಿಲ್ಲ ಎಂಬುದನ್ನು ನಿರ್ಮಲಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಇಬ್ಬರು ವೈದ್ಯೆಯರ ಕೆಲಸ ಎಷ್ಟು ಜೀವ ಉಳಿಸಿತು ಎಂಬುದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ಆದರೂ ಈ ದೇಶದ ಎಚ್‌ಐವಿ ಚರಿತ್ರೆಯ ಮೊದಲ ಪುಟದಲ್ಲಿ ಇರುವುದು ಬೀಗದೊಳಗಿದ್ದ ಹೆಣ್ಣುಮಕ್ಕಳ ತೋಳು, ಅವರನ್ನು ಕೇಳದೆ ತೆಗೆದ ರಕ್ತ. ಇವತ್ತು ಕಾನೂನು ಬೇರೆ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ತಿಳಿಸಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಗುಟ್ಟಾಗಿ ಇಡಬೇಕು ಎನ್ನುತ್ತದೆ ಅದು. ಅದರ 31ನೆಯ ಕಲಮಿನ ಪ್ರಕಾರ ಸರ್ಕಾರದ ವಶದಲ್ಲಿರುವ ಪ್ರತಿಯೊಬ್ಬರಿಗೂ, ಶಿಕ್ಷೆಯಾದವರಿರಲಿ ವಿಚಾರಣೆಗೆ ಕಾಯುತ್ತಿರುವವರಿರಲಿ, ಎಚ್‌ಐವಿ ತಡೆ, ಸಮಾಲೋಚನೆ, ಪರೀಕ್ಷೆ, ಚಿಕಿತ್ಸೆಯ ಹಕ್ಕಿದೆ. ಸಮವಸ್ತ್ರದವರು ನಿಂತಿರುವ ಕಡೆ ‘ಒಪ್ಪಿಗೆಯೇ?’ ಎಂದು ಕೇಳಿದರೆ ಯಾರಾದರೂ ಹೂಂ ಎನ್ನುತ್ತಾರೆ. ಆದ್ದರಿಂದ ನಾನು ‘ಬೇಡ ಎಂದರೂ ನಿಮ್ಮ ಕೇಸಿಗೆ, ಊಟಕ್ಕೆ, ಭೇಟಿಗೆ ಏನೂ ಆಗುವುದಿಲ್ಲ’ ಎಂದು ಮೊದಲು ಹೇಳುತ್ತೇನೆ. ಒಬ್ಬ ವಯಸ್ಸಾದ ಅಮ್ಮ ಇದನ್ನು ಕೇಳಿ, ‘ಹಾಗಾದರೆ ಇವತ್ತು ಬೇಡ, ಯೋಚನೆ ಮಾಡಿ ಹೇಳುತ್ತೇನೆ’ ಎಂದರು. ಕೆಲವು ವಾರಗಳ ನಂತರ ತಾವಾಗಿಯೇ ಬಂದು ಕೈ ಚಾಚಿದರು.

ನಾವು ಬರುವುದು ಹಗಲಿನಲ್ಲಿ, ಅನುಮತಿ ಇದ್ದಷ್ಟು ಹೊತ್ತು. ನಿಜವಾದ ಪ್ರಶ್ನೆಗಳು ಹುಟ್ಟುವುದು ರಾತ್ರಿ, ಬಾಗಿಲು ಹಾಕಿದ ಮೇಲೆ. ಅದಕ್ಕೇ ಅಲ್ಲಿನವರೇ ಅಲ್ಲಿನವರಿಗೆ ಕಲಿಸಬೇಕು. ಮಹಿಳಾ ಕೈದಿಗಳ ಕುರಿತು ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳೂ ಸಹವರ್ತಿಗಳ ಮೂಲಕ ಶಿಕ್ಷಣ ಕೊಡಿಸಬೇಕು ಎನ್ನುತ್ತವೆ. ನಮಗೆ ಸಿಕ್ಕ ಅಂಥ ಒಬ್ಬರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಸಜಾ ಕೈದಿ, ಮಂಡ್ಯದ ಕಡೆಯವರು, ಹೆಚ್ಚು ಓದಿದವರಲ್ಲ. ನಾನು ಅರ್ಧ ಗಂಟೆ ಹೇಳುವುದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ಸೊಳ್ಳೆಯಿಂದ ಬರುತ್ತದೆಯೇ ಎಂದು ಕೇಳಿದಾಗ ಅಕ್ಕ ಹೇಳಿದ್ದು: ‘ಬರುವ ಹಾಗಿದ್ದರೆ ಈ ಬ್ಯಾರಕ್‌ನಲ್ಲಿ ನನಗೆ ಮೊದಲು ಬರಬೇಕಿತ್ತು, ಇಷ್ಟು ವರ್ಷದಿಂದ ಕಚ್ಚಿಸಿಕೊಳ್ಳುತ್ತಿದ್ದೇನೆ. ನೀನು ಸೊಳ್ಳೆಯನ್ನು ಬಿಡು. ಬರುವ ಮುಂಚೆ ಯಾರ ಜೊತೆ ಇದ್ದೆ, ಅವನು ಪರೀಕ್ಷೆ ಮಾಡಿಸಿದ್ದಾನೋ ಇಲ್ಲವೋ, ಅದನ್ನು ಯೋಚಿಸು.’ ಮಾತ್ರೆ ನುಂಗುವವರು ಯಾರೆಂದು ಅಕ್ಕನಿಗೆ ಗೊತ್ತಿದೆಯೋ ಇಲ್ಲವೋ, ನಾನು ಕೇಳಿಲ್ಲ, ಅವರು ಹೇಳಿಲ್ಲ. ಬಾಯಿ ಬಿಗಿಯಾಗಿ ಇಟ್ಟುಕೊಳ್ಳಬಲ್ಲವರನ್ನೇ ಈ ಕೆಲಸಕ್ಕೆ ಆರಿಸಬೇಕು. ಚೆನ್ನಾಗಿ ಮಾತನಾಡುವವರನ್ನು ಆರಿಸುವುದು ಆಮೇಲಿನ ಮಾತು.

ಬಸುರಿಯರ ವಿಷಯ. ಚಿಕಿತ್ಸೆಯೇ ಇಲ್ಲದಿದ್ದರೆ ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ತಾಯಿ ಮಾತ್ರೆ ನುಂಗಿ, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ ಅದು ಶೇ 5ಕ್ಕಿಂತ ಕೆಳಗೆ ಇಳಿಯುತ್ತದೆ. ಇದಕ್ಕಿಂತ ಹೆಚ್ಚು ವಾದ ಬೇಕಿಲ್ಲ.

ಕ್ಷಯದ ಬಗ್ಗೆ ಒಂದು ಮಾತು. ಎಚ್‌ಐವಿ ಇರುವವರ ಜೀವ ತೆಗೆಯುವ ಸೋಂಕುಗಳಲ್ಲಿ ಕ್ಷಯವೇ ಮುಂದೆ, ಒತ್ತೊತ್ತಾಗಿ ಮಲಗುವ ಕಡೆ ಅದು ಬೇಗ ಹರಡುತ್ತದೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಈ ನಾಲ್ಕನ್ನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇವೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬರುವ ಸಾಧ್ಯತೆ ಎಚ್‌ಐವಿ ಇರುವ ಹೆಂಗಸರಲ್ಲಿ ಉಳಿದವರಿಗಿಂತ ಆರು ಪಟ್ಟು. ತೆಳುವಾದ ಅಸೆಟಿಕ್ ಆಮ್ಲ ಹಚ್ಚಿ, ಒಂದೆರಡು ನಿಮಿಷ ಕಾದು ಬರಿಗಣ್ಣಿನಿಂದ ನೋಡುವ ತಪಾಸಣೆಗೆ ದೊಡ್ಡ ಯಂತ್ರ ಬೇಕಿಲ್ಲ. ಒಳಗಿರುವ ಅವಧಿಯಲ್ಲೇ ಪ್ರತಿಯೊಬ್ಬರಿಗೂ ಇದು ಒಮ್ಮೆಯಾದರೂ ಆಗಬೇಕೆಂಬುದು ನನ್ನ ಆಸೆ. ಹೊರಗಿದ್ದಾಗ ಹೂ ಕಟ್ಟುವುದು, ಗಾರ್ಮೆಂಟ್ಸ್ ಪಾಳಿ, ಮನೆಗೆಲಸ ಎಂದು ಓಡುತ್ತಿದ್ದವರು ತಮಗಾಗಿ ಒಂದು ದಿನವೂ ಆಸ್ಪತ್ರೆಗೆ ಹೋದವರಲ್ಲ.

ಬಹಳ ಜನ ಜೈಲನ್ನೇ ಅಪಾಯದ ಜಾಗ ಎಂದುಕೊಂಡಿದ್ದಾರೆ. ಹೆಣ್ಣುಮಕ್ಕಳ ಮಟ್ಟಿಗೆ ಗೇಟಿನ ಆಚೆಯದೇ ಹೆಚ್ಚಿನ ಅಪಾಯ ಎಂದು ನನಗೆ ಅನ್ನಿಸುತ್ತದೆ. ಒಳಗೆ ಬರುವ ಮುಂಚಿನದು, ಹೊರಗೆ ಹೋದ ಮೇಲಿನದು. ರಾಮನಗರದ ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ದುಡಿಯುತ್ತಿದ್ದ ಒಬ್ಬಾಕೆ ನನ್ನನ್ನು ಕೇಳಿದಳು: ‘ಅಕ್ಕಾ, ನಾನು ಒಳಗಿರುವಾಗ ಅವರು ಹೊರಗೆ ಹೇಗಿದ್ದಾರೋ ಯಾರಿಗೆ ಗೊತ್ತು? ಮನೆಗೆ ಹೋದ ದಿನವೇ ಕಾಂಡೋಮ್ ಎಂದರೆ, ಜೈಲಿಗೆ ಹೋಗಿ ಬಂದವಳು ನೀನು, ನಿನಗೇ ಏನೋ ಇದೆ ಎನ್ನುತ್ತಾರೆ.’ ಇದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ. ಅಂದಿನ ತರಗತಿ ಪೂರ್ತಿ ಈ ಒಂದು ಪ್ರಶ್ನೆಗೇ ಹೋಯಿತು. ಕೊನೆಗೆ ಉತ್ತರ ಕೊಟ್ಟವರೂ ಅವರೇ. ಒಬ್ಬಾಕೆ ‘ಒಳಗೆ ಡಾಕ್ಟರು ಗರ್ಭಕೋಶಕ್ಕೆ ಔಷಧಿ ಕೊಟ್ಟಿದ್ದಾರೆ, ಮೂರು ತಿಂಗಳು ಇದನ್ನು ಬಳಸಬೇಕಂತೆ ಎನ್ನು’ ಎಂದಳು. ಇನ್ನೊಬ್ಬಾಕೆ ‘ಇಬ್ಬರೂ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸೋಣ, ಮಕ್ಕಳಿಗಾಗಿ ಎಂದು ಕೇಳು’ ಎಂದಳು. ಎರಡನೆಯದು ನನಗೆ ಇಷ್ಟ. ಮೊದಲನೆಯದು ಸುಳ್ಳೇ ಆದರೂ, ಹೊಡೆಯುವ ಗಂಡನಿರುವ ಮನೆಗೆ ಮರಳುವವಳಿಗೆ ಅದನ್ನು ಹೇಳಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಾತ್ರೆಯ ಕತೆಯೂ ಗೇಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ನಾನು ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ, ಬೇರೆ ಜಿಲ್ಲೆಯ ಜೈಲಿನಿಂದ ಬಿಡುಗಡೆಯಾಗಿ ಅಕ್ಕನ ಮನೆಗೆಂದು ಬೆಂಗಳೂರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಕುಳಿತಿದ್ದಳು. ವರ್ಷಗಳಿಂದ ಎಆರ್‌ಟಿ ತೆಗೆದುಕೊಳ್ಳುತ್ತಿದ್ದವಳು. ಪೊಲೀಸರು ಕರೆದೊಯ್ದಾಗ ಮಾತ್ರೆ ರಾಗಿ ಹಿಟ್ಟಿನ ಡಬ್ಬದ ಹಿಂದೆ ಉಳಿಯಿತು. ಠಾಣೆಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಅಲ್ಲಿದ್ದ ಊರಿನವರಿಗೆಲ್ಲ ಗೊತ್ತಾಗುತ್ತಿತ್ತು. ಜೈಲಿಗೆ ಬಂದು ಕೆಲವು ದಿನಗಳಾದ ಮೇಲೆ ವೈದ್ಯರಿಗೆ ಒಂಟಿಯಾಗಿ ಹೇಳಿದಳು, ಮಾತ್ರೆ ಮತ್ತೆ ಸಿಕ್ಕಿತು. ಒಂದು ಸಂಜೆ ಜಾಮೀನು ಬಂತು. ಅವಳ ತಮ್ಮ ಗಾಡಿ ತಂದು ಹೊರಗೆ ಕಾಯುತ್ತಿದ್ದ, ಜೈಲಿನ ಆಸ್ಪತ್ರೆಯ ಕೋಣೆಗೆ ಬೀಗ ಬಿದ್ದಿತ್ತು. ಸೀರೆ, ಚಪ್ಪಲಿ, ದುಡ್ಡು ಲೆಕ್ಕ ಮಾಡಿ ವಾಪಸು ಕೊಟ್ಟರು. ಮಾತ್ರೆಯನ್ನು ಕೇಳಲು ಅವಳಿಗೆ ತಮ್ಮನ ಎದುರು ಬಾಯಿ ಬರಲಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು, ಮೈ ಇಳಿದುಹೋಗಿತ್ತು, ಕೆಮ್ಮು ಶುರುವಾಗಿತ್ತು. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ಏಳುತ್ತದೆ. ಬಿಟ್ಟುಬಿಟ್ಟು ನುಂಗಿದರೆ ಔಷಧಿಗೆ ಬಗ್ಗದಂತಾಗುತ್ತದೆ. ಅವಳಿಗೆ ಇದೆಲ್ಲ ಗೊತ್ತಿತ್ತು. ಆ ಸಂಜೆ ಡಬ್ಬಿ ಅವಳ ಕೈಯಲ್ಲಿರಲಿಲ್ಲ, ಅಷ್ಟೇ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಒಂದು ನಿರ್ದೇಶನ ಕೊಟ್ಟಿತು: ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲು ಸೂಪರಿಂಟೆಂಡೆಂಟರಿಗೆ ಕಳುಹಿಸಬೇಕು. ಬಹಳ ಒಳ್ಳೆಯ ಕೆಲಸ. ಒಬ್ಬರೂ ಅಗತ್ಯಕ್ಕಿಂತ ಒಂದು ರಾತ್ರಿಯೂ ಹೆಚ್ಚಾಗಿ ಒಳಗಿರಬಾರದು. ಆ ಇಮೇಲ್ ಬಂದ ಕೂಡಲೇ ಜೈಲಿನ ಆಸ್ಪತ್ರೆಗೂ ಒಂದು ಸೂಚನೆ ಹೋಗುವಂತಿರಬೇಕು ಎಂಬುದು ನನ್ನ ಬೇಡಿಕೆ. ಕ್ಷಯಕ್ಕೆ, ಸಕ್ಕರೆ ಕಾಯಿಲೆಗೆ, ಮೂರ್ಛೆಗೆ, ಮನೋರೋಗಕ್ಕೆ, ಎಚ್‌ಐವಿಗೆ ದಿನವೂ ಔಷಧಿ ತೆಗೆದುಕೊಳ್ಳುವ ಎಲ್ಲರಿಗೂ, ಬಿಡುಗಡೆಯ ಹೊತ್ತಿನಲ್ಲಿ ಒಂದು ತಿಂಗಳ ಮಾತ್ರೆಯಿರುವ ಒಂದೇ ಬಗೆಯ ಮುಚ್ಚಿದ ಲಕೋಟೆ ಕೊಡಬೇಕು. ಎಲ್ಲರಿಗೂ ಒಂದೇ ಬಗೆಯದು ಏಕೆಂದರೆ, ಆಗ ಯಾರ ಲಕೋಟೆಯಲ್ಲಿ ಏನಿದೆ ಎಂದು ಹೊರಗೆ ಕಾಯುತ್ತಿರುವ ತಮ್ಮನಿಗೂ ತಿಳಿಯುವುದಿಲ್ಲ.

ಅದು ಆಗುವವರೆಗೆ ನಾವು ಮಾಡುತ್ತಿರುವುದು ಇಷ್ಟು. ಎಆರ್‌ಟಿಗೆ ನೋಂದಾಯಿಸಿಕೊಂಡ ಕೇಂದ್ರ ಯಾವುದು, ನೋಂದಣಿ ಸಂಖ್ಯೆ ಎಷ್ಟು ಎಂಬುದನ್ನು ನೆನಪಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇವೆ. ‘ಯಾರಿಗಾದರೂ ಬೇಕಾಗಬಹುದು’ ಎಂದು ಹೇಳುತ್ತೇವೆ, ಯಾರನ್ನೂ ನೋಡಿ ಹೇಳುವುದಿಲ್ಲ. ಊರು ಬದಲಾದರೂ ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಹೋಗಿ ಕೇಳಬಹುದು, ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಇವೆ ಎಂದು ತಿಳಿಸುತ್ತೇವೆ. 1097 ಎಂಬ ಶುಲ್ಕವಿಲ್ಲದ ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಂದಲೂ ಜೋರಾಗಿ ಹೇಳಿಸುತ್ತೇವೆ. ಮೊಬೈಲ್ ಇಲ್ಲದ ಜಾಗದಲ್ಲಿ ಸಂಖ್ಯೆಯನ್ನು ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲ.

ಇದನ್ನು ಓದುವ ವಕೀಲರಿಗೆ ಒಂದು ಕೋರಿಕೆ. ಮಹಿಳೆಯರಿಗೂ ಬಂಧನದಲ್ಲಿರುವ ಎಲ್ಲರಿಗೂ ಉಚಿತ ಕಾನೂನು ನೆರವಿನ ಹಕ್ಕಿರುವುದರಿಂದ ನಿಮ್ಮಲ್ಲಿ ಹಲವರು ಇವರನ್ನು ಭೇಟಿಯಾಗುತ್ತೀರಿ. ಜಾಮೀನು ಅರ್ಜಿ ಹಾಕುವ ದಿನ ಕಕ್ಷಿದಾರಳನ್ನು ಒಂಟಿಯಾಗಿ ಕೇಳಿ: ‘ದಿನವೂ ತೆಗೆದುಕೊಳ್ಳುವ ಔಷಧಿ ಏನಾದರೂ ಇದೆಯೇ?’ ಯಾವ ಕಾಯಿಲೆಗೆ ಎಂದು ಕೇಳಬೇಕಿಲ್ಲ. ಇದೆ ಎಂದರೆ, ಆದೇಶ ಬರುವ ಮುಂಚೆಯೇ ಔಷಧಿ ಕಟ್ಟಿಸಿಟ್ಟುಕೊಳ್ಳುವಂತೆ ಜೈಲಿನ ವೈದ್ಯರಿಗೆ ಹೇಳಲು ಅವಳಿಗೆ ನೆನಪಿಸಿ.

ಕೈಯಲ್ಲಿ ಹಿಡಿಯುವಷ್ಟು ಸಣ್ಣದೊಂದು ಚೀಟಿಯನ್ನು ನಮ್ಮ ಗುಂಪು ಸಿದ್ಧಪಡಿಸುತ್ತಿದೆ. ಅದರಲ್ಲಿ ಕಾಯಿಲೆಯ ಹೆಸರು ಇರುವುದಿಲ್ಲ. ಔಷಧಿಯನ್ನು ನಿಲ್ಲಿಸಬೇಡಿ ಎಂಬ ಮಾತು, ಸಹಾಯವಾಣಿಯ ಸಂಖ್ಯೆ, ಕೇಂದ್ರದ ಹೆಸರು ಬರೆದುಕೊಳ್ಳಲು ಒಂದು ಖಾಲಿ ಗೆರೆ. ಕನ್ನಡ, ತಮಿಳು, ತೆಲುಗಿನಲ್ಲಿ ಆಗಿದೆ. ಉರ್ದು ಮತ್ತು ಬಂಗಾಳಿ ಬಾಕಿ ಇವೆ. ಆಡುಮಾತಿಗೆ ಹತ್ತಿರವಾಗಿ ಬರೆಯಬಲ್ಲ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ.